ಏನು ಉಂಡೆ ಮಗಾ?

ನಮ್ಮ ಕಡೆ ದಾರಿಯಲ್ಲಿ ಯಾರು ಎದುರಾದರೂ ಮೊದಲು ಬಾಯಿಗೆ ಬರುವ ಮಾತು ‘ಉಂಡ್ರಾ?’ ಅನ್ನುವುದು. ಚಳ್ಳಕೆರೆಯ ಸಂತೆಯಲ್ಲಿ, ಮೊಳಕಾಲ್ಮುರಿನ ಬಸ್ ನಿಲ್ದಾಣದಲ್ಲಿ, ಹಟ್ಟಿಯ ಬೇವಿನ ಮರದ ಕಟ್ಟೆಯ ಮೇಲೆ, ಎಲ್ಲ ಕಡೆಯೂ ಅದೇ. ಬರ ನೋಡಿ ನೋಡಿ ಬೆಳೆದ ಸೀಮೆಯಲ್ಲಿ ಮನುಷ್ಯರು ಮನುಷ್ಯರನ್ನು ವಿಚಾರಿಸಿಕೊಳ್ಳುವ ರೀತಿ ಅದು, ಅದನ್ನು ಬಿಡಬೇಡಿ. ಆದರೆ ಓಣಿಯ ಮಗುವೊಂದು ಎದುರಾದಾಗ ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಮಾತು ಕೇಳಿ. ‘ಏನು ಉಂಡೆ ಮಗಾ?’

ಬೆಳಿಗ್ಗೆ ಚಾ, ಬನ್ನು. ಮಧ್ಯಾಹ್ನ ಅನ್ನ, ತಿಳಿಸಾರು. ಸಂಜೆ ಐದು ರೂಪಾಯಿಯ ಕುರುಕುಲು ಪೊಟ್ಟಣ. ರಾತ್ರಿ ಮತ್ತೆ ಅನ್ನ, ಅದೇ ಸಾರು. ಬಹಳ ಮನೆಗಳ ಮಕ್ಕಳು ಕೊಡುವ ಉತ್ತರ ಇದು. ಹೊಟ್ಟೆ ತುಂಬಿದೆ, ಮಗು ಅಳುತ್ತಿಲ್ಲ, ತಾಯಿಗೆ ಸಮಾಧಾನವಾಗಿದೆ. ಆದರೂ ಆ ಮಗು ಹಸಿದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳುತ್ತಲೇ ವಯಸ್ಸು ಕಳೆದವಳು ನಾನು. ಮೂರನೇ ತರಗತಿಗೆ ಬಂದ ಮಗು ಒಂದನೇ ತರಗತಿಯ ಮಗುವಿನಷ್ಟೇ ಎತ್ತರ ಇರುವುದನ್ನು ನೋಡಿ ‘ಇವರ ಮನೆಯವರೆಲ್ಲ ಕುಳ್ಳು’ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಕುಳ್ಳಗಿರುವ ವಂಶಗಳೂ ಇರುತ್ತವೆ, ನಿಜ. ಆದರೆ ಒಂದು ಓಣಿಗೆ ಓಣಿಯೇ ಕುಳ್ಳಾಗಿದ್ದರೆ ಅದಕ್ಕೆ ವಂಶ ಕಾರಣವಲ್ಲ, ತಟ್ಟೆ ಕಾರಣ.

ಹಿಂದಿನ ಹಸಿವು ಕಣ್ಣಿಗೆ ರಾಚುತ್ತಿತ್ತು. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದ ಮಾತು ನಮ್ಮ ಅಜ್ಜಿಯಂದಿರ ಬಾಯಲ್ಲಿ ಬರುತ್ತಿತ್ತು, ಅವರು ಅವರ ಅಜ್ಜಿಯಂದಿರಿಂದ ಕೇಳಿದ್ದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆಗ ಗಂಜಿ ಕೇಂದ್ರದ ಮುಂದೆ ಸಾಲು ನಿಂತವರನ್ನು ನೋಡಿದರೆ ಸಾಕಿತ್ತು, ಯಾರು ಹಸಿದಿದ್ದಾರೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಇವತ್ತು ಪಡಿತರದ ಅಕ್ಕಿ ಮನೆಮನೆಗೆ ಬರುತ್ತಿದೆ, ಒಲೆ ಆರಿದ ಮನೆಗಳು ಇಲ್ಲವೆನ್ನುವಷ್ಟು ಕಡಿಮೆ. ಅದು ದೊಡ್ಡ ಮಾತು, ಅದನ್ನು ಯಾರೂ ಹಗುರ ಮಾಡಬಾರದು. ಆದರೆ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ, 33 ಮಕ್ಕಳು ವಯಸ್ಸಿಗೆ ತಕ್ಕ ತೂಕ ಇರಲಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಒಳಗೆ ಅಕ್ಕಿಯ ಚೀಲ ಇದೆ, ಹೊರಗೆ ಬೆಳೆಯದ ಮಗು ಕೂತಿದೆ.

ಹೀಗಾದದ್ದು ಹೇಗೆ ಎಂದು ಕೇಳಿದರೆ ನಾನು ನಮ್ಮ ಹೊಲದ ಕಡೆ ಕೈ ತೋರಿಸುತ್ತೇನೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಲೆಕ್ಕದಲ್ಲಿ ನಮ್ಮವೂ ಸೇರಿವೆ. ಆ ಮಳೆಗೆ ಹೊಂದಿಕೊಂಡು ಬೆಳೆಯುತ್ತಿದ್ದವು ನವಣೆ, ಸಾಮೆ, ಸಜ್ಜೆ, ಹುರುಳಿ, ಅಲಸಂದೆ, ಹೆಸರು. ಒಂದು ಕೈಕೊಟ್ಟರೆ ಇನ್ನೊಂದು ಬರುತ್ತಿತ್ತು, ಬಂದದ್ದು ಮೊದಲು ಮನೆಯ ವಾಡೆಗೆ ಇಳಿಯುತ್ತಿತ್ತು. ಆಮೇಲೆ ಹೊಲವೆಲ್ಲ ಶೇಂಗಾ ಆಯಿತು. ಚಳ್ಳಕೆರೆಗೆ ಎಣ್ಣೆ ನಗರಿ ಎಂದು ಹೆಸರು ಬಂತು, ಮಿಲ್ಲುಗಳು ಎದ್ದವು, ಕೈಯಲ್ಲಿ ನಾಲ್ಕು ಕಾಸು ಆಡಿತು. ಶೇಂಗಾ ಬೆಳೆದವರನ್ನು ನಾನು ದೂರುತ್ತಿಲ್ಲ, ಸಾಲ ತೀರಿಸಲು, ಮಕ್ಕಳನ್ನು ಓದಿಸಲು ಅದು ಬೇಕಾಗಿತ್ತು. ಆದರೆ ನಡುವೆ ಒಂದು ಕೆಲಸ ತಪ್ಪಿಹೋಯಿತು. ಬೆಳೆದ ಶೇಂಗಾ ಪೂರ್ತಿ ಲಾರಿ ಹತ್ತಿತು, ಮನೆಯಲ್ಲಿ ಉಳಿಯಲಿಲ್ಲ.

ಈ ಶೇಂಗಾದ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಪಾಲಿಗೆ ಇಡೀ ಮಾತಿನ ತಿರುಳು ಇಲ್ಲೇ ಇದೆ. 1996ರ ಸುಮಾರಿಗೆ ಆಂದ್ರೆ ಬ್ರಿಯಾಂ ಎಂಬ ಫ್ರಾನ್ಸಿನ ಮಕ್ಕಳ ವೈದ್ಯರು ಆಫ್ರಿಕದ ಬರಗಾಲದ ಮಕ್ಕಳಿಗಾಗಿ ಒಂದು ಆಹಾರ ರೂಪಿಸಿದರು. ನೀರು ಬೆರೆಸಬೇಕಾಗಿಲ್ಲ, ಬೇಯಿಸಬೇಕಾಗಿಲ್ಲ, ಪೊಟ್ಟಣ ಹರಿದು ಮಗುವಿನ ಬಾಯಿಗೆ ಇಟ್ಟರೆ ಆಯಿತು. ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ಅದು ಬಂದ ಮೇಲೆ ಸಾವಿನ ಅಂಚಿಗೆ ಹೋಗಿದ್ದ ಎಷ್ಟೋ ಮಕ್ಕಳು ಆಸ್ಪತ್ರೆ ಸೇರದೆ, ತಾಯಿಯ ಮಡಿಲಲ್ಲೇ ಚೇತರಿಸಿಕೊಳ್ಳುವಂತಾಯಿತು. ಅದರಲ್ಲಿ ಏನಿತ್ತು? ಹುರಿದು ಅರೆದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜಾಂಶ. ಜಗತ್ತು ಹಸಿದ ಮಕ್ಕಳನ್ನು ಉಳಿಸಲು ಹುಡುಕಿಕೊಂಡ ಕಾಳು ನಮ್ಮ ಹೊಲದಲ್ಲಿ ಬೆಳೆಯುತ್ತಿದೆ. ನೂರು ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, ಅರ್ಧದಷ್ಟು ಒಳ್ಳೆಯ ಎಣ್ಣೆಯಂಶ. ಮೊಟ್ಟೆ ಮುಟ್ಟದವರು, ಹಾಲು ಕೊಳ್ಳಲಾಗದವರು, ಇಬ್ಬರ ಕೈಗೂ ಎಟುಕುವ ಕಾಳು ಇದು.

ಆದ್ದರಿಂದ ನನ್ನ ಮೊದಲ ಬೇಡಿಕೆ ಇಷ್ಟು. ಶೇಂಗಾ ಕಿತ್ತು, ಬಣವೆ ಒಣಗಿಸಿ, ಕಾಯಿ ಬಿಡಿಸಿ ಚೀಲ ಹೊಲಿಯುವ ಹೊತ್ತಿಗೆ ಒಂದು ಚೀಲ ಅಟ್ಟಕ್ಕೆ ಹಾಕಿ. ಅದನ್ನು ಬೆಲೆ ಏರಿದಾಗ ಮಾರೋಣ ಎಂದು ಎತ್ತಿಡಬೇಡಿ. ಅದು ಮನೆಯ ಮಕ್ಕಳಿಗೆ, ಮನೆಯ ಹಿಂದಿನ ಮನೆಯ ಮಕ್ಕಳಿಗೆ. ಹೊಲವಿಲ್ಲದ ಮನೆ ಪ್ರತಿ ಓಣಿಯಲ್ಲೂ ಒಂದೆರಡು ಇದ್ದೇ ಇರುತ್ತದೆ. ನಿಮ್ಮ ಹೊಲದಲ್ಲಿ ಶೇಂಗಾ ಕೀಳಲು ಬಂದ ಹೆಣ್ಣುಮಗಳಿಗೆ ಕೂಲಿಯ ಜೊತೆ ಸೇರು ಕಾಯಿ ಕೊಡುವ ಪದ್ಧತಿ ಎಷ್ಟೋ ಕಡೆ ಇತ್ತು. ಅದನ್ನು ಮತ್ತೆ ಹಿಡಿಯಿರಿ.

ಆದರೆ ಎರಡು ಎಚ್ಚರಿಕೆ. ಐದು ವರ್ಷದೊಳಗಿನ ಮಗುವಿನ ಕೈಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಹುರಿದು, ಸಿಪ್ಪೆ ಉದುರಿಸಿ, ನುಣ್ಣಗೆ ಕುಟ್ಟಿ ಗಂಜಿಗೋ ಮುದ್ದೆಯ ಸಾರಿಗೋ ಬೆರೆಸಿ. ಮೊದಲ ಸಲ ಚಿಟಿಕೆಯಷ್ಟು ಕೊಟ್ಟು ಮೈಮೇಲೆ ದದ್ದು, ವಾಂತಿ ಏನಾದರೂ ಬರುತ್ತದೆಯೇ ನೋಡಿ. ಎರಡನೆಯದು ಇನ್ನೂ ಮುಖ್ಯ. ಒಳ್ಳೆಯ ಕಾಳನ್ನು ಮಂಡಿಗೆ ಕಳಿಸಿ, ಮುರುಟಿದ, ಬೂಷ್ಟು ಹಿಡಿದ, ಕಹಿಯಾದ ಕಾಳನ್ನು ಚಟ್ನಿಪುಡಿಗೆ ಉಳಿಸಿಕೊಳ್ಳುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಯಿ ಕಟ್ಟುವ ಕಾಲದಲ್ಲಿ ಮಳೆ ಹೋಗಿ ಬೆಳೆ ಬಾಡಿದರೆ, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ ಶೇಂಗಾದಲ್ಲಿ ಒಂದು ಬಗೆಯ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆಯಿರಿ, ದನಕ್ಕೂ ಹಾಕಬೇಡಿ, ಹಾಲಿನಲ್ಲಿ ಮತ್ತೆ ಮನೆಗೇ ಬರುತ್ತದೆ. ದಪ್ಪ ಕಾಳು ಮೊದಲು ಮಗುವಿಗೆ, ಆಮೇಲೆ ಮಂಡಿಗೆ.

ನಮ್ಮ ಅಜ್ಜಿಯರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ ಹಿಟ್ಟು ಮಾಡುತ್ತಿದ್ದರು. ಅದಕ್ಕೆ ಹುರಿದ ಹೆಸರುಕಾಳಿನ ಪುಡಿ, ಶೇಂಗಾ ಪುಡಿ, ಸ್ವಲ್ಪ ಬೆಲ್ಲ. ಮೇಲೆ ಒಂದು ಚಮಚ ಗಾಣದ ಎಣ್ಣೆ ಹಾಕಿ ಗಟ್ಟಿಯಾಗಿ ಕದಡಿ ಉಣ್ಣಿಸುವುದು. ಅಂಗಡಿಯ ಬಣ್ಣದ ಡಬ್ಬಿಗೆ ನಾನೂರು ಐನೂರು ರೂಪಾಯಿ ಕೊಡುವ ಬದಲು ಓಣಿಯ ಐದಾರು ಹೆಂಗಸರು ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಇದನ್ನು ಮಾಡಿಕೊಳ್ಳಬಹುದು. ಕಾಳು ಇದ್ದವರು ಕಾಳು ತರಲಿ, ಇಲ್ಲದವರು ಕೈ ತರಲಿ. ಹಿಟ್ಟನ್ನು ಮಾತ್ರ ಎಲ್ಲರೂ ಸಮನಾಗಿ ಹಂಚಿಕೊಳ್ಳಲಿ. ಆಗ ಯಾರಿಗೂ ಕೈಚಾಚಿದಂತೆ ಆಗುವುದಿಲ್ಲ.

ಎಲ್ಲ ಮಕ್ಕಳಲ್ಲಿ ನನಗೆ ಹೆಚ್ಚು ಚಿಂತೆ ಆರು ತಿಂಗಳಿಂದ ಮೂರು ವರ್ಷದವರದ್ದು. ಶಾಲೆಗೆ ಬರುವ ಮಗುವಿಗೆ ಬಿಸಿಯೂಟ ಇದೆ, ಮೂರು ದಾಟಿದ ಮಗುವಿಗೆ ಅಂಗನವಾಡಿಯ ಊಟ ಇದೆ. ಈ ಚಿಕ್ಕದಕ್ಕೆ ಸರ್ಕಾರ ಕೊಡುವುದು ಮನೆಗೆ ಒಯ್ಯುವ ಪೊಟ್ಟಣ, ಉಣ್ಣಿಸುವ ಕೈ ಮನೆಯದೇ ಆಗಬೇಕು. ತಾಯಿ ಬೆಳಗಾದರೆ ಕೂಲಿಗೆ. ಮೊಳಕಾಲ್ಮುರು, ಕೊಂಡ್ಲಹಳ್ಳಿ ಕಡೆಯಾದರೆ ಮಗ್ಗದ ಕೆಲಸ. ಲಾಳಿ ನಿಂತರೆ ಕೂಲಿ ನಿಂತಂತೆ, ಅದಕ್ಕೇ ಅಳುವ ಮಗುವಿಗೆ ಬಿಸ್ಕತ್ತಿನ ಪೊಟ್ಟಣ. ಆ ತಾಯಿಯನ್ನು ಬಯ್ಯುವುದರಲ್ಲಿ ಏನೂ ಬರುವುದಿಲ್ಲ. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟೇ, ಒಂದೇ ಸಲ ತುಂಬಿಸಿ ಬಿಟ್ಟರೆ ಆಗದು. ಒಂಬತ್ತು ತಿಂಗಳು ದಾಟಿದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ ಗಟ್ಟಿ ಊಟ, ನಡುವೆ ಒಂದೆರಡು ಸಲ ಹಣ್ಣೋ ಉಂಡೆಯೋ ಬೇಕು. ಒಬ್ಬಳೇ ತಾಯಿಯಿಂದ ಇದು ಆಗದ ಕೆಲಸ. ಕಟ್ಟೆಯ ಮೇಲೆ ಹಗಲೆಲ್ಲ ಕೂತಿರುವ ನನ್ನ ವಾರಿಗೆಯ ಅಜ್ಜ ಅಜ್ಜಿಯರೇ, ಇಲ್ಲಿ ನಮ್ಮ ಕೆಲಸ ಇದೆ. ನಿಮ್ಮ ಮೊಮ್ಮಗುವಿಗೆ ಉಣ್ಣಿಸುವಾಗ ಪಕ್ಕದ ಮನೆಯ ಕೂಸನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳಿ. ಇನ್ನೊಂದು ಮಗು ಉಣ್ಣುವುದನ್ನು ನೋಡಿದರೆ ಉಣ್ಣದ ಮಗುವೂ ಬಾಯಿ ತೆರೆಯುತ್ತದೆ.

ಅಂಗನವಾಡಿಯ ಪೊಟ್ಟಣ ಮನೆಗೆ ಬಂದಾಗ ಅದನ್ನು ಎಲ್ಲರಿಗೂ ಉಂಡೆ ಕಟ್ಟಿ ಎರಡೇ ದಿನಕ್ಕೆ ಮುಗಿಸುವ ಮನೆಗಳನ್ನು ಕಂಡಿದ್ದೇನೆ. ಹಸಿದ ಮನೆಯಲ್ಲಿ ಅದು ಸಹಜ. ಅತ್ತೆಯಂದಿರೇ, ಆ ಪೊಟ್ಟಣವನ್ನು ನೀವೇ ಕೈಗೆ ತೆಗೆದುಕೊಂಡು ‘ಇದು ಕೂಸಿನದು’ ಎಂದು ಬೇರೆ ಡಬ್ಬಿಯಲ್ಲಿಟ್ಟರೆ ಸೊಸೆಗೆ ಬಲ ಬರುತ್ತದೆ. ನಮ್ಮ ಮನೆಗಳಲ್ಲಿ ಅಡುಗೆಮನೆಯ ಮಾತು ಇನ್ನೂ ಅತ್ತೆಯದೇ. ಹಾಗೆಯೇ ಹೆರಿಗೆಯಾದ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲು ಬಿಡಿ, ಅದನ್ನು ಹಿಂಡಿ ಚೆಲ್ಲಬೇಡಿ. ಆರು ತಿಂಗಳ ತನಕ ಎದೆಹಾಲು ಒಂದೇ ಸಾಕು, ನೀರೂ ಬೇಡ. ಬಾಣಂತಿಗೆ ಸೊಪ್ಪು ಬೇಡ, ಕಾಳು ಬೇಡ ಎಂದು ಬರೀ ಅನ್ನ ಮೆಣಸಿನ ಸಾರಿನಲ್ಲಿ ಇಡುವ ಪಥ್ಯ ಬಿಡಿ. ಉಣ್ಣುತ್ತಿರುವುದು ಎರಡು ಜೀವ.

ಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ದೇವರ ಮೇಲಿನ ನಿಮ್ಮ ಭಯಭಕ್ತಿಯನ್ನು ನಾನು ಬಲ್ಲೆ, ಅದನ್ನು ನೋಯಿಸಲು ಈ ಮಾತು ಹೇಳುತ್ತಿಲ್ಲ. ಮಳೆ ಚಳಿಯಲ್ಲಿ ಆ ಕೂಸಿನ ಮೈ ಬಿಸಿ ಆರಿದರೆ, ತಾಯಿಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ಸಿಗದೆ ಹಾಲು ಬತ್ತಿದರೆ, ಆ ಮಗುವಿನ ಹಸಿವು ಹುಟ್ಟಿದ ವಾರದಲ್ಲೇ ಶುರುವಾಗುತ್ತದೆ. ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಇದನ್ನು ಅಪರಾಧ ಎಂದಿದೆ. ಆದರೆ ಪೊಲೀಸರು ಬಂದು ಗುಡಿಸಲು ಕಿತ್ತರೆ ಮನಸ್ಸು ಬದಲಾಗುವುದಿಲ್ಲ. ಹಟ್ಟಿಯ ಹಿರಿಯರು, ಪೂಜಾರಿಗಳು, ಯಜಮಾನರು ಒಮ್ಮೆ ಕೂತು ‘ನಮ್ಮ ಸೊಸೆ ನಮ್ಮ ಮನೆಯಲ್ಲೇ ಇರಲಿ’ ಎಂದು ಬಿಟ್ಟರೆ ಅಲ್ಲಿಗೆ ಮುಗಿಯಿತು. ಆ ಮಾತು ನಿಮ್ಮಿಂದಲೇ ಬರಬೇಕು.

ಇನ್ನು ಹದಿನಾರಕ್ಕೆ ಮದುವೆಯಾದ ಹುಡುಗಿಯ ವಿಷಯ. ತಾನೇ ಬೆಳೆಯುತ್ತಿರುವ ಮೈ ಇನ್ನೊಂದು ಮಗುವನ್ನು ಹೇಗೆ ಬೆಳೆಸೀತು? ಮೊಮ್ಮಗು ಎರಡು ಕೆ.ಜಿ. ತೂಗಿದ್ದಕ್ಕೆ ಕಾರಣ ಹುಡುಕುವವರು ಮದುವೆಯ ಲಗ್ನಪತ್ರಿಕೆಯನ್ನೇ ಒಮ್ಮೆ ತೆಗೆದು ನೋಡಲಿ.

ಅಂಗನವಾಡಿಯನ್ನು ‘ಉಪ್ಪಿಟ್ಟು ಶಾಲೆ’ ಎಂದು ಹಗುರವಾಗಿ ಕಾಣುವ ಅಭ್ಯಾಸ ಬಿಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇವತ್ತು ಅಂಗನವಾಡಿಯ ಊಟ ಮಗುವಿನ ಹಕ್ಕು. 2013ರಲ್ಲಿ ಬಂದ ಆಹಾರ ಭದ್ರತಾ ಕಾಯ್ದೆ ಆಗ ಗೊತ್ತುಮಾಡಿದಂತೆ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕು. ತೀವ್ರವಾಗಿ ಸೊರಗಿದ ಮಗುವಿಗೆ 800 ಕ್ಯಾಲೊರಿ. ಗರ್ಭಿಣಿಗೆ, ಬಾಣಂತಿಗೆ 600. ಪ್ರತಿ ಅಂಗನವಾಡಿಗೂ ತಾಯಂದಿರು ಸೇರಿರುವ ಬಾಲವಿಕಾಸ ಸಮಿತಿ ಇದೆ, ನಮ್ಮಲ್ಲಿ ಎಷ್ಟು ಮಂದಿ ಅದರ ಸಭೆಗೆ ಹೋಗಿದ್ದೇವೆ? ಕಾರ್ಯಕರ್ತೆಯ ಮೇಲೆ ಜಗಳಕ್ಕೆ ಹೋಗಬೇಡಿ. ಆಕೆ ಕಡಿಮೆ ಗೌರವಧನದಲ್ಲಿ ಸಮೀಕ್ಷೆ, ದಾಖಲೆ, ಮೊಬೈಲು, ಅಡುಗೆ ಎಲ್ಲವನ್ನೂ ನಿಭಾಯಿಸುತ್ತಿರುವ ನಮ್ಮದೇ ಊರಿನ ಹೆಣ್ಣುಮಗಳು. ಬೇಳೆ ಬಂದಿಲ್ಲ, ಮೊಟ್ಟೆ ಬಂದಿಲ್ಲ ಎಂದಾದರೆ ನಾಲ್ಕು ತಾಯಂದಿರು ಸೇರಿ ಬರವಣಿಗೆಯಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಕೊಡಿ. ಆಕೆಗೂ ಅದರಿಂದ ಬೆಂಬಲ ಸಿಗುತ್ತದೆ.

ಅಂಗನವಾಡಿಯಲ್ಲಿ ಮೂರು ಬಣ್ಣದ ಒಂದು ಪಟ್ಟಿ ಇರುತ್ತದೆ. ಅದನ್ನು ಮಗುವಿನ ಎಡತೋಳಿನ ನಡುವಿಗೆ ಸುತ್ತಿ ಅಳೆಯುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 12.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎಚ್ಚರ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ತಡಮಾಡದೆ ಆಸ್ಪತ್ರೆ. ಎರಡೂ ಪಾದ ಊದಿದ್ದರೂ ಅಷ್ಟೇ. ಮೇಲೆ ಹೇಳಿದ ಶೇಂಗಾ ಹಿಟ್ಟು ಆ ಮಟ್ಟಕ್ಕೆ ಇಳಿದ ಮಗುವಿಗೆ ಔಷಧವಲ್ಲ. ಅಂಥ ಮಕ್ಕಳಿಗಾಗಿಯೇ ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಸುಮಾರು ಹದಿನಾಲ್ಕು ದಿನ ತಾಯಿ ಮಗು ಅಲ್ಲೇ ಉಳಿಯಬೇಕು. ತಾಯಿಗೆ ಊಟ ಇದೆ, ತಪ್ಪಿದ ಕೂಲಿಗೆ ಪರಿಹಾರವೂ ಇದೆ.

ಇಷ್ಟೆಲ್ಲ ಇದ್ದರೂ ತಾಯಂದಿರು ಹೋಗುವುದಿಲ್ಲ. ಹೋದವರೂ ನಾಲ್ಕನೇ ದಿನಕ್ಕೆ ವಾಪಸು. ಯಾಕೆ ಎಂದು ಒಬ್ಬ ತಾಯಿಯನ್ನು ಕೇಳಿದಾಗ ಆಕೆ ಹೇಳಿದ ಮಾತು ನನಗೆ ಮರೆಯುವುದಿಲ್ಲ. ‘ಟೀಚರಮ್ಮ, ಇನ್ನೆರಡು ಮಕ್ಕಳಿಗೆ ಬೇಯಿಸಿ ಹಾಕೋರು ಯಾರು? ಕುರಿಮರಿಗೆ ನೀರು ಇಡೋರು ಯಾರು?’ ಸರ್ಕಾರದ ಯಾವ ಆದೇಶದಲ್ಲೂ ಇದಕ್ಕೆ ಉತ್ತರ ಇಲ್ಲ. ಉತ್ತರ ಇರುವುದು ಪಕ್ಕದ ಮನೆಯಲ್ಲಿ. ಊರಿನಲ್ಲಿ ಒಂದು ಮಗುವಿನ ತೋಳು ಕೆಂಪಿಗೆ ಬಂತು ಎಂದು ತಿಳಿದ ದಿನ ನೀವು ಆ ಮನೆಯ ಬಾಗಿಲಿಗೆ ಹೋಗಿ. ‘ನೀನು ದುರ್ಗದ ಆಸ್ಪತ್ರೆಗೆ ಹೊರಡು ತಂಗಿ, ಇವೆರಡು ನಮ್ಮ ಮನೆಯಲ್ಲಿ ಉಣ್ಣುತ್ತವೆ, ಮಲಗುತ್ತವೆ. ಕುರಿ ನಮ್ಮ ಹುಡುಗ ನೋಡುತ್ತಾನೆ’ ಎನ್ನಿ. ಗಂಡನಿಗೂ ಗಂಡಸರು ಹೇಳಿ, ಬಸ್ಸಿಗೆ ಜೊತೆಗೆ ಹೋಗಿ. ಎರಡು ವಾರ ಎರಡು ತಟ್ಟೆ ಹೆಚ್ಚಿಗೆ ಇಡುವುದು ಒಂದು ಮನೆಗೆ ಭಾರವಾದರೆ ಮೂರು ಮನೆಗಳು ಹಂಚಿಕೊಳ್ಳಿ. ನೆರೆಮನೆಯವರು ಒಂದು ಮಗುವಿನ ಜೀವಕ್ಕಾಗಿ ಮಾಡಬಹುದಾದ ಇದಕ್ಕಿಂತ ದೊಡ್ಡ ಕೆಲಸ ನನಗೆ ಗೊತ್ತಿಲ್ಲ.

ಗುಳೆ ಹೋಗುವ ಮನೆಗಳ ಮಾತು ಬೇರೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ ಬೀಗ ಹಾಕಿಕೊಂಡು ಹೊರಡುತ್ತಾರೆ. ಕುರಿ ಮಂದೆಯ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುವವರೂ ಇದ್ದಾರೆ. ಮಕ್ಕಳನ್ನು ಕರೆದೊಯ್ದರೆ ಅಂಗನವಾಡಿ ತಪ್ಪುತ್ತದೆ, ಬಿಟ್ಟು ಹೋದರೆ ಕಣ್ಣು ಕಾಣದ ಅಜ್ಜಿಯ ಪಾಲು. ಕರೆದೊಯ್ಯುವವರು ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ಅಂಗನವಾಡಿಯ ಊಟ, ಚುಚ್ಚುಮದ್ದು ಯಾವ ಊರಿನಲ್ಲಾದರೂ ಆ ಮಗುವಿನದೇ, ‘ನೀವು ಈ ಊರಿನವರಲ್ಲ’ ಎಂದು ಯಾರೂ ಕಳಿಸುವಂತಿಲ್ಲ. ಬಿಟ್ಟು ಹೋಗುವವರು ಹೊರಡುವ ಹಿಂದಿನ ಸಂಜೆ ಅಕ್ಕಪಕ್ಕದ ಒಬ್ಬರ ಕೈಯಲ್ಲಿ ಮಗುವಿನ ಕೈ ಇಟ್ಟು ಹೇಳಿ ಹೋಗಿ. ಹಾಗೆ ಹೇಳಿಸಿಕೊಂಡವರು ದಿನಕ್ಕೊಮ್ಮೆ ಆ ಮನೆಯ ಪಾತ್ರೆಯ ಮುಚ್ಚಳ ತೆಗೆದು ನೋಡಿ. ಬರೀ ವಿಚಾರಿಸಿದರೆ ಅಜ್ಜಿ ಮರ್ಯಾದೆಗೆ ‘ಎಲ್ಲಾ ಆಗೈತವ್ವ’ ಅನ್ನುತ್ತಾಳೆ.

ಶಾಲೆಯ ಬಿಸಿಯೂಟ ನಮ್ಮ ಜಿಲ್ಲೆಗೆ ಬಂದು ಎರಡು ದಶಕ ದಾಟಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶ ಕೊಟ್ಟ ಮೇಲೆ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. 2013ರಿಂದ ಕ್ಷೀರಭಾಗ್ಯದ ಹಾಲು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಪ್ರೋಟೀನು. ಮ್ಯಾಸನಾಯಕರ ಅನೇಕ ಮನೆಗಳಲ್ಲಿ ಕೋಳಿ, ಮೊಟ್ಟೆ ಮುಟ್ಟುವುದಿಲ್ಲ. ಅದು ಅವರ ಕುಲದ ನಡೆ, ಯಾರೂ ಒತ್ತಾಯಿಸಬೇಕಿಲ್ಲ. ಅಂಥ ಮಕ್ಕಳಿಗೆ ಮನೆಯಲ್ಲಿ ಹಾಲು, ಮೊಳಕೆಕಾಳು, ಶೇಂಗಾ ಹೆಚ್ಚು ಕೊಡಿ, ಶಾಲೆಯಲ್ಲಿ ಬಾಳೆಹಣ್ಣು ತಪ್ಪದೆ ಸಿಗುತ್ತಿದೆಯೇ ನೋಡಿ. ಆದರೆ ಮಗು ತಾನಾಗಿ ತಿನ್ನಲು ಬಯಸುವ ಮನೆಗಳಲ್ಲಿ ನೆರೆಹೊರೆಯ ಮಾತಿಗೆ ಅಂಜಿ ಬೇಡ ಎಂದು ಬರೆದುಕೊಡಬೇಡಿ.

ಅಡುಗೆ ಮಾಡಿದವರ ಜಾತಿ ಕೇಳಿ ಮಗುವಿನ ತಟ್ಟೆ ಕಸಿದುಕೊಳ್ಳುವ ತಂದೆತಾಯಿಗೆ ಒಂದೇ ಮಾತು. ಹಸಿದ ಮಗುವಿನ ಮುಂದಿನ ಅನ್ನ ಎಳೆಯುವುದು ಯಾವ ಕುಲದಲ್ಲೂ ಆಚಾರವಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವ ಹಿರಿಯರು ತಿಂಗಳಿಗೊಮ್ಮೆ ಮಕ್ಕಳ ಸಾಲಿನಲ್ಲೇ ಕೂತು, ಅದೇ ಅಡುಗೆಯವರ ಕೈಯ ಅದೇ ಊಟ ಉಣ್ಣಿ. ಅಷ್ಟಾದರೆ ಊರಿನ ಅರ್ಧ ಗುಸುಗುಸು ನಿಲ್ಲುತ್ತದೆ, ಬೇಳೆಯ ಅಳತೆಯೂ ಸರಿಹೋಗುತ್ತದೆ.

ಬೇಸಿಗೆ ರಜೆ ಬಂದರೆ ಈ ಊಟ ನಿಲ್ಲುತ್ತದೆ. ಬರದ ವರ್ಷಗಳಲ್ಲಿ, 2024ರ ಬೇಸಿಗೆಯಲ್ಲಿ ಮಾಡಿದ ಹಾಗೆ, ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ನಡೆಸಲು ಸರ್ಕಾರ ಆದೇಶಿಸುತ್ತದೆ. ಆದರೆ ರಣಬಿಸಿಲಲ್ಲಿ ಮಕ್ಕಳು ಶಾಲೆಯ ತನಕ ಹೋಗಬೇಕಲ್ಲ. ಓಣಿಯ ದೊಡ್ಡ ಮಕ್ಕಳ ಜೊತೆ ಚಿಕ್ಕವರನ್ನು ಕಳಿಸುವುದು, ಬುತ್ತಿಯಲ್ಲಿ ತರಿಸಿಕೊಳ್ಳಲು ಗುರುಗಳ ಒಪ್ಪಿಗೆ ಕೇಳುವುದು ನಮ್ಮ ಕೆಲಸ. ಬರ ಘೋಷಣೆ ಇಲ್ಲದ ವರ್ಷದ ಏಪ್ರಿಲ್ ಮೇ ಇನ್ನೂ ಕಷ್ಟ. ಆ ಎರಡು ತಿಂಗಳಿಗೆಂದೇ ಅಟ್ಟದ ಶೇಂಗಾ ಉಳಿಸಿ.

ನಾವು ಕೊಡಲು ಹಿಂದೆ ಬಿದ್ದ ಜನವಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯಲ್ಲಿ, ಗೌರಸಮುದ್ರ ಮಾರಮ್ಮನ ಜಾತ್ರೆಯಲ್ಲಿ ಲಾರಿಗಟ್ಟಲೆ ಅಕ್ಕಿ ಬೇಯುತ್ತದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ತಿಪ್ಪೇಸ್ವಾಮಿ ಬರೀ ಅನ್ನ ಹಂಚಿ ಹೋದವರಲ್ಲ. ಜನರಿಗೆ ಕೆಲಸ ಕೊಟ್ಟು ಕೆರೆಗಳನ್ನು ಕಟ್ಟಿಸಿದರು ಎಂದೇ ನಮ್ಮ ಸೀಮೆ ಅವರನ್ನು ನೆನೆಯುತ್ತದೆ. ಹಾಗಾಗಿ ಜಾತ್ರೆಯ ಒಂದು ದಿನದ ಅನ್ನದಾನ ಮಾಡುವ ಮನೆಗಳಿಗೆ ನನ್ನ ವಿನಂತಿ. ಅದರ ಹತ್ತರಲ್ಲಿ ಒಂದು ಪಾಲನ್ನು ನಿಮ್ಮೂರ ಅಂಗನವಾಡಿಗೆ ವರ್ಷವಿಡೀ ಹಂಚಿ. ಮಗನ ಹುಟ್ಟುಹಬ್ಬಕ್ಕೆ ಚಳ್ಳಕೆರೆಯಿಂದ ಕೇಕು ತರುವವರು ಆ ದುಡ್ಡಿಗೆ ಕಾಳಿನ ಉಸುಲಿ, ಶೇಂಗಾ ಹೋಳಿಗೆ, ಬಾಳೆಹಣ್ಣು ಮಾಡಿಸಿ ಶಾಲೆಯ ಮಕ್ಕಳೆಲ್ಲರ ಜೊತೆ ಮಗನನ್ನು ಕೂರಿಸಿ ಉಣ್ಣಿಸಿ. ತಿಥಿ ಭೋಜನ ಎಂಬ ಹೆಸರಿನಲ್ಲಿ ಇದಕ್ಕೆ ಬಿಸಿಯೂಟ ಯೋಜನೆಯಲ್ಲೇ ಅವಕಾಶ ಇದೆ, ಮುಖ್ಯ ಗುರುಗಳಿಗೆ ಮೊದಲು ತಿಳಿಸಿದರೆ ಸಾಕು. ಬ್ಯಾನರು ಬೇಡ, ತಟ್ಟೆ ಹಿಡಿದ ಮಕ್ಕಳ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚುವುದಂತೂ ಬೇಡವೇ ಬೇಡ. ಉಂಡ ಮಗು ನಾಳೆ ದೊಡ್ಡದಾಗಿ ಆ ಫೋಟೊ ನೋಡುತ್ತದೆ.

ಕೊಡುವಾಗ ಮಗುವಿನ ಮಾನ ಕಾಯುವುದು ಕೊಡುವ ವಸ್ತುವಿನಷ್ಟೇ ದೊಡ್ಡದು. ‘ಪಾಪ, ಬಡವರ ಮಗು’ ಎಂದು ಅದರ ಎದುರಿಗೆ ಆಡಿದರೆ ಮರುದಿನ ಅದು ನಿಮ್ಮ ಹೊಸ್ತಿಲಿಗೆ ಬರುವುದಿಲ್ಲ. ‘ಬಾರೋ, ಉಂಡೆ ಕಟ್ಟೋಕೆ ಕೈ ಸಾಲ್ತಿಲ್ಲ’ ಎಂದು ಕೆಲಸಕ್ಕೆ ಕರೆದಂತೆ ಕರೆಯಿರಿ. ಕಟ್ಟುತ್ತಾ ಕಟ್ಟುತ್ತಾ ಎರಡು ತಿಂದು ಹೋಗುತ್ತದೆ.

ಗೃಹಲಕ್ಷ್ಮಿಯ 2000 ರೂಪಾಯಿ ಕೈಗೆ ಬರುವ ತಾಯಂದಿರಿಗೆ ಲೆಕ್ಕ ಹೇಳುವಷ್ಟು ದೊಡ್ಡವಳಲ್ಲ ನಾನು, ಸಾಲದ ಕಂತು ನಿಮ್ಮ ನೆತ್ತಿಯ ಮೇಲಿದೆ ಎಂಬುದು ಗೊತ್ತು. ಆದರೂ ಅದರಲ್ಲಿ ಮುನ್ನೂರು ರೂಪಾಯಿ ಬೇಳೆ ಕಾಳಿಗೆ ಎಂದು ಮೊದಲೇ ಎತ್ತಿಡಿ. ಊಟದ ಜೊತೆ ಮಕ್ಕಳಿಗೆ ಚಾ ಕೊಡಬೇಡಿ, ಉಂಡ ಸೊಪ್ಪಿನ ಕಬ್ಬಿಣವನ್ನು ಚಾ ಮೈಗೆ ಹತ್ತಲು ಬಿಡುವುದಿಲ್ಲ. ಭೇದಿಯಾದಾಗ ಉಪವಾಸ ಹಾಕಬೇಡಿ, ಓಆರ್‌ಎಸ್ ಜೊತೆ ಗಂಜಿ, ಎದೆಹಾಲು ನಡೆಯುತ್ತಲೇ ಇರಲಿ.

ಈ ಮುಂಗಾರಿಗೆ ಎರಡು ಕೆಲಸ ಮಾಡಿ. ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ನುಗ್ಗೆ ಕೊಂಬೆ ನೆಡಿ, ಪಕ್ಕದಲ್ಲಿ ಒಂದು ಪರಂಗಿ. ನಮ್ಮ ಬಿಸಿಲಿಗೂ ನುಗ್ಗೆ ಜಗ್ಗುವುದಿಲ್ಲ, ವರ್ಷದೊಳಗೆ ಸೊಪ್ಪು ಕೊಡುತ್ತದೆ. ಬೇಲಿಯಾಚೆಗೆ ಬಾಗಿದ ಕೊಂಬೆಯ ಸೊಪ್ಪನ್ನು ಯಾರು ಕಿತ್ತರೂ ಕೇಳಬೇಡಿ. ಇನ್ನು ಹೊಲದಲ್ಲಿ ಶೇಂಗಾ ಬಿತ್ತುವಾಗ ನಡುನಡುವೆ ತೊಗರಿ, ಅಲಸಂದೆಯ ಅಕ್ಕಡಿ ಸಾಲು ಬಿಡಿ, ಒಂದು ಮೂಲೆಗೆ ನವಣೆ ಚೆಲ್ಲಿ. ಬೀಜ ಇಲ್ಲದವರು ಇರುವವರಿಂದ ಸೇರು ಪಡೆದು, ಸುಗ್ಗಿಗೆ ಎರಡು ಸೇರು ಮೂರನೆಯವರಿಗೆ ಕೊಡಿ. ಆ ಸಾಲಿನ ಕಾಳಿಗೆ ಮಾತ್ರ ಮಂಡಿಯ ದಾರಿ ತೋರಿಸಬೇಡಿ.